ಜುಲೈಯಲ್ಲೇ ಫ್ಲೂ ಮಹಾಮಾರಿ ಬಂದರೆ ದ.ಕ.–ಉಡುಪಿಯ ಲೆಕ್ಕ ಎಂತ?

#1 ಹೊಳೆಬದಿ

ಜಿಲ್ಲಾ ಯೋಜನೆ ಬರೆಯುವಾಗ ಸಾಮಾನ್ಯವಾಗಿ ಜನಗಣತಿಯ ಸಂಖ್ಯೆ ಹಿಡಿದು, ಕಾಲುಭಾಗ ಜನಕ್ಕೆ ಜ್ವರ ಬರುತ್ತದೆ ಅಂತ ಇಟ್ಟುಕೊಂಡು ಹಾಸಿಗೆ ಲೆಕ್ಕ ಹಾಕುತ್ತಾರೆ. ಅದನ್ನೇ ಮೊದಲು ಮಾಡಿ ನೋಡುವ.

2011ರ ಗಣತಿಯಲ್ಲಿ ದಕ್ಷಿಣ ಕನ್ನಡ 20.89 ಲಕ್ಷ, ಉಡುಪಿ 11.77 ಲಕ್ಷ, ಒಟ್ಟು 32.66 ಲಕ್ಷ. ಶೇ. 25ರಂತೆ ಸುಮಾರು 8.16 ಲಕ್ಷ ಜನ ಮಲಗುತ್ತಾರೆ. ಅಲೆಯ ತುದಿಯ ವಾರದಲ್ಲಿ ಅದರ ಐದನೇ ಒಂದು ಪಾಲು, ಅಂದರೆ 1.63 ಲಕ್ಷ. ಅವರಲ್ಲಿ ನೂರಕ್ಕೆ ಒಬ್ಬರನ್ನು ಅಡ್ಮಿಟ್ ಮಾಡಬೇಕಾದರೆ 1,630 ಜನ. ಸರಾಸರಿ ಏಳು ದಿನ ಇದ್ದರೆ ಒಮ್ಮೆಲೇ 1,600 ಹಾಸಿಗೆ, ಅದರಲ್ಲಿ ಶೇ. 15 ಐಸಿಯು ಅಂದರೆ 240ರ ಮೇಲೆ. ಈ ಶೇಕಡಾವಾರುಗಳೆಲ್ಲ ಊಹೆಗಳೇ. ವೈರಸ್ ಯಾವುದು ಅಂತ ತಿಳಿದ ಮೇಲೆ ಬದಲಿಸಬೇಕು.

ಆದರೆ ಛೇದದಲ್ಲೇ, ಅಂದರೆ ಹಿಡಿದ ಜನಸಂಖ್ಯೆಯಲ್ಲೇ ತಪ್ಪುಂಟು. ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಬರುವವರು ಈ ಎರಡು ಜಿಲ್ಲೆಯವರು ಮಾತ್ರವಾ? ಕಾಸರಗೋಡು 13.07 ಲಕ್ಷ, ಉತ್ತರ ಕನ್ನಡ 14.37, ಚಿಕ್ಕಮಗಳೂರು 11.37, ಕೊಡಗು 5.54. ಒಟ್ಟು 44 ಲಕ್ಷ ದಾಟುತ್ತದೆ. ಅಲ್ಲಿನ ಗಂಭೀರ ರೋಗಿಗಳಲ್ಲಿ ಐವರಲ್ಲಿ ಒಬ್ಬರು ಇಲ್ಲಿಗೆ ಬಂದರೂ ಬೇಡಿಕೆ ಶೇ. 27 ಏರುತ್ತದೆ, ಹಾಸಿಗೆ 2,000 ಮೀರುತ್ತದೆ. 2020ರಲ್ಲಿ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ಪ್ರಶ್ನೆ ಹೈಕೋರ್ಟು, ಸುಪ್ರೀಂ ಕೋರ್ಟು ತನಕ ಹೋದದ್ದು ಸುಮ್ಮನೆ ಅಲ್ಲ. ಕಾಸರಗೋಡಿನ ಉತ್ತರ ಭಾಗಕ್ಕೆ ದೊಡ್ಡಾಸ್ಪತ್ರೆ ಅಂದರೆ ಮಂಗಳೂರು. ಗಡಿ ಮುಚ್ಚುವುದು ಯೋಜನೆ ಅಲ್ಲ. ಆ ರೋಗಿಗಳನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಯೋಜನೆ.

ಎರಡನೇ ತಪ್ಪು ತಿಂಗಳಿನದ್ದು. ನಮ್ಮಲ್ಲಿ ಫ್ಲೂ ಮಳೆಯೊಟ್ಟಿಗೆ ಏರುತ್ತದೆ. ಅದೇ ಹೊತ್ತಿಗೆ ಡೆಂಗಿ, ಮಲೇರಿಯಾ, ಇಲಿಜ್ವರವೂ ಇರುತ್ತದೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಲಾರಿ ನಿಲ್ಲುವುದೂ ಆಗಲೇ. ಇದನ್ನೇ ಗಟ್ಟಿಯಾಗಿ ಚರ್ಚೆ ಮಾಡುವ ಅಂತ ಈ ಎಳೆ.

#2 ಪಿ-ಫಾರ್ಮ್

ಒಳ್ಳೆ ವಿಷಯ. ಕಣ್ಗಾವಲಿನ ಬಗ್ಗೆ ಹೇಳುತ್ತೇನೆ.

ಐಎಲ್‌ಐ (ಫ್ಲೂ ತರದ ಕಾಯಿಲೆ) ಅಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲೆ ಜ್ವರ, ಕೆಮ್ಮು, ಶುರುವಾಗಿ ಹತ್ತು ದಿನದೊಳಗೆ. ಅದೇ ರೋಗಿಯನ್ನು ದಾಖಲಿಸಬೇಕಾಗಿ ಬಂದರೆ ಎಸ್‌ಎಆರ್‌ಐ (ತೀವ್ರ ಉಸಿರಾಟದ ಸೋಂಕು). ರೋಗಗಳ ವರದಿ ಹಾಕುವ ಸರಕಾರಿ ಆನ್‌ಲೈನ್ ವ್ಯವಸ್ಥೆ ಐಎಚ್‌ಐಪಿಯಲ್ಲಿ ಆರೋಗ್ಯ ಕಾರ್ಯಕರ್ತೆ ಎಸ್ (ಸಂಶಯ), ವೈದ್ಯರು ಪಿ (ಲಕ್ಷಣ ನೋಡಿದ ಅಂದಾಜು), ಲ್ಯಾಬ್ ಎಲ್ (ಪರೀಕ್ಷೆ) ಫಾರ್ಮ್ ತುಂಬುತ್ತಾರೆ. ಇಷ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಎಲ್ಲಿ ಕೆಡುತ್ತದೆ ಅಂದರೆ:

ರೆಡ್ ಅಲರ್ಟ್ ಇದ್ದ ವಾರ ಒಪಿಡಿಗೆ ಜನ ಬರುವುದಿಲ್ಲ. ಗ್ರಾಫ್ ಕೆಳಗಿಳಿಯುತ್ತದೆ. ಮೇಲೆ ಕೂತವರು ಅಲೆ ಇಳಿಯಿತು ಅಂತ ಓದುತ್ತಾರೆ. ಮುಂದಿನ ವಾರ ಎರಡು ವಾರದ ರೋಗಿಗಳು ಒಟ್ಟಿಗೆ ಬಂದು ಗ್ರಾಫ್ ಜಿಗಿಯುತ್ತದೆ, ಆಗ ಗಾಬರಿ. ಹಾಗಾಗಿ ಬರೀ ಐಎಲ್‌ಐ ಸಂಖ್ಯೆ ನೋಡಬಾರದು. ಒಟ್ಟು ಒಪಿಡಿಯಲ್ಲಿ ಐಎಲ್‌ಐ ಶೇಕಡಾ ಎಷ್ಟು ಅಂತ ನೋಡಬೇಕು. ಎಸ್‌ಎಆರ್‌ಐಗೆ ಈ ತೊಂದರೆ ಕಡಿಮೆ, ಉಸಿರು ಕಟ್ಟಿದವರು ಮಳೆ ಅಂತ ಮನೆಯಲ್ಲಿ ಕೂರುವುದಿಲ್ಲ.

ಇದನ್ನು ದಾಟಿದರೆ ಅಲೆ ಅನ್ನುವ ಮಿತಿ ಗೆರೆ ಎಳೆಯುವಾಗ ಹಿಂದಿನ ಐದು ವರ್ಷದ ಅದೇ ವಾರಗಳ ಸರಾಸರಿಗೆ ಎರಡು ಪಟ್ಟು ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಶನ್) ಸೇರಿಸುವುದು ಸುಲಭದ ದಾರಿ. ಆದರೆ 2020ರಿಂದ 2022ರ ಅಂಕಿಗಳನ್ನು ಹಾಗೇ ಹಾಕಿದರೆ ಗೆರೆ ಎಲ್ಲೋ ಆಕಾಶದಲ್ಲಿ ನಿಲ್ಲುತ್ತದೆ, ಯಾವ ಅಲೆಯೂ ಅದನ್ನು ಮುಟ್ಟುವುದಿಲ್ಲ. ಆ ವರ್ಷಗಳನ್ನು ಬಿಡಿ.

ಮತ್ತೆ, ನಮ್ಮ ಎರಡು ಜಿಲ್ಲೆಯಲ್ಲಿ ದೊಡ್ಡ ಪಾಲು ಹಾಸಿಗೆ ಖಾಸಗಿ ವೈದ್ಯಕೀಯ ಕಾಲೇಜುಗಳದ್ದು. ಅವರು ವಾರದ ಕೊನೆಗೆ ಒಟ್ಟು ಹಾಕಿ ಕಳಿಸಿದರೆ ಪ್ರಯೋಜನ ಇಲ್ಲ. ಎಸ್‌ಎಆರ್‌ಐ ದಾಖಲಾತಿ ಮತ್ತು ಹೊಸದಾಗಿ ವೆಂಟಿಲೇಟರ್ ಹತ್ತಿದವರು, ಈ ಎರಡು ಸಂಖ್ಯೆ ದಿನಾ ಬೆಳಿಗ್ಗೆ ಬಂದರೆ ಸಾಕು. ಹದಿನೆಂಟು ಕಾಲಮ್ಮಿನ ಹಾಳೆ ಕಳಿಸಿದರೆ ಮೂರನೇ ದಿನಕ್ಕೆ ಯಾರೂ ತುಂಬುವುದಿಲ್ಲ.

#3 ಉಪ್ಪುಗಾಳಿ

ಹಾಸಿಗೆ ಲೆಕ್ಕದಷ್ಟೇ ಆಮ್ಲಜನಕದ ಲೆಕ್ಕವೂ ಬೇಕು. 200 ಹಾಸಿಗೆಯ ಒಂದು ಬ್ಲಾಕ್ ಇಟ್ಟುಕೊಳ್ಳಿ.

120 ಜನಕ್ಕೆ ಮಾಸ್ಕ್‌ನಲ್ಲಿ ನಿಮಿಷಕ್ಕೆ 5 ಲೀಟರ್, ಒಟ್ಟು 600. ಇನ್ನು 20 ಜನ ಹೈಫ್ಲೋದಲ್ಲಿ (ಮೂಗಿನ ನಳಿಕೆಯಲ್ಲಿ ಜೋರು ಹರಿವು ಕೊಡುವ ಯಂತ್ರ), ನಿಮಿಷಕ್ಕೆ 50 ಲೀಟರ್, ಒಟ್ಟು 1,000. ಸೇರಿ ನಿಮಿಷಕ್ಕೆ 1,600 ಲೀಟರ್. ಬಿ-ಟೈಪ್ ಸಿಲಿಂಡರ್‌ನಲ್ಲಿ ಇರುವುದು ಸುಮಾರು 1,500 ಲೀಟರ್, ಒಂದು ನಿಮಿಷಕ್ಕೂ ಸಾಲದು. ಡಿ-ಟೈಪ್ ಜಂಬೊ 7,000 ಲೀಟರ್. ಇಂಥ ಹೊರೆಗೆ ಸಿಲಿಂಡರ್ ಅಂದರೆ ಆಂಬ್ಯುಲೆನ್ಸಿಗೆ ಮತ್ತು ಪೈಪ್‌ಲೈನ್ ಕೈಕೊಟ್ಟ ಅರ್ಧ ಗಂಟೆಗೆ ಮಾತ್ರ.

#4 ರಾತ್ರಿಪಾಳಿ

#3ಕ್ಕೆ ಒಂದು ತಿದ್ದುಪಡಿ. ಹೈಫ್ಲೋದ 50 ಲೀಟರ್ ಎಲ್ಲವೂ ಆಮ್ಲಜನಕ ಅಲ್ಲ, ಗಾಳಿಯೂ ಸೇರಿರುತ್ತದೆ. ರೋಗಿಗೆ ಬೇಕಾದ ಆಮ್ಲಜನಕದ ಅಂಶದಿಂದ 0.21 ಕಳೆದು 0.79ರಿಂದ ಭಾಗಿಸಿ ಹರಿವಿಗೆ ಗುಣಿಸಿ. ಶೇ. 60ಕ್ಕೆ ಇಟ್ಟರೆ ಒಬ್ಬರಿಗೆ ಸುಮಾರು 25 ಲೀಟರ್, 20 ಜನಕ್ಕೆ 500. ಹಾಗಾಗಿ ಒಟ್ಟು 1,100.

ಆದರೆ ಯೋಜನೆಗೆ 1,100 ಬರೆಯಬೇಡಿ. ಫ್ಲೂ ನ್ಯುಮೋನಿಯಾ ಬಿಗಡಾಯಿಸಿದ ದಿನ ಶೇ. 90ಕ್ಕೆ ಏರಿಸಬೇಕಾಗುತ್ತದೆ, ಆಗ ಒಬ್ಬರಿಗೇ 44 ಲೀಟರ್. ಒಟ್ಟು 1,470 ಆಸುಪಾಸು.

#5 ಉಪ್ಪುಗಾಳಿ

ಸರಿ, ಒಪ್ಪಿದೆ. 1,470 ಇಟ್ಟುಕೊಂಡರೆ ದಿನಕ್ಕೆ ಸುಮಾರು 2,100 ಘನ ಮೀಟರ್, ಅಂದರೆ 300 ಜಂಬೊ. 6 ಕಿಲೋಲೀಟರ್‌ನ ದ್ರವ ಆಮ್ಲಜನಕದ ಟ್ಯಾಂಕ್ ಪೂರ್ತಿ ತುಂಬಿದ್ದರೆ ಅನಿಲವಾಗಿ 5,000 ಘನ ಮೀಟರ್ ಚಿಲ್ಲರೆ. ಎರಡೂವರೆ ದಿನ, ಅಷ್ಟೆ. ಅರ್ಧ ಟ್ಯಾಂಕಿಗೆ ಬಂದಾಗ ಆರ್ಡರ್ ಮಾಡುವ ಪದ್ಧತಿ ಬೇಸಿಗೆಗೆ ನಡೆದೀತು. ಜುಲೈಯಲ್ಲಿ ಅರ್ಧ ಟ್ಯಾಂಕ್ ಅಂದರೆ ಕೈಯಲ್ಲಿ ಉಳಿದದ್ದು ಮೂವತ್ತು ಗಂಟೆಯೂ ಇಲ್ಲ, ಟ್ಯಾಂಕರ್ ಘಾಟಿಯ ಮೇಲೆ ಸಾಲಿನಲ್ಲಿ ನಿಂತಿರುತ್ತದೆ. ಮಳೆಗಾಲಕ್ಕೆ ಮರು-ಆರ್ಡರ್ ಗೆರೆ ಶೇ. 70ಕ್ಕೆ ಎತ್ತಬೇಕು. ದಕ್ಷಿಣದಿಂದ, ಕೇರಳದ ಹೆದ್ದಾರಿ ಮೂಲಕ ಬರುವ ಎರಡನೇ ಪೂರೈಕೆದಾರರ ಜೊತೆ ಏಪ್ರಿಲ್‌ನಲ್ಲೇ ಒಪ್ಪಂದ ಇರಬೇಕು. ಸಮುದ್ರ ಮೂರನೇ ದಾರಿ: 2021ರ ಮೇ ತಿಂಗಳಲ್ಲಿ ಐಎನ್‌ಎಸ್ ತಲ್ವಾರ್ ಬಹ್ರೈನ್‌ನಿಂದ ದ್ರವ ಆಮ್ಲಜನಕವನ್ನು ನವಮಂಗಳೂರು ಬಂದರಿಗೆ ತಂದಿತ್ತು. ಆದರೆ ಅದನ್ನು ನಂಬಿ ಯೋಜನೆ ಬರೆಯುವುದು ಲಾಟರಿ ನಂಬಿ ಮನೆ ಕಟ್ಟಿದ ಹಾಗೆ.

ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ಪಿಎಸ್‌ಎ ಘಟಕ ಉಂಟಲ್ಲ ಅಂತ ಕೇಳುವವರಿಗೆ: ಅದರೊಳಗೆ ಸಾರಜನಕ ಹಿಡಿದಿಡುವ ಜರಡಿಯಾದ ಜಿಯೋಲೈಟ್‌ಗೆ ತೇವಾಂಶವೇ ಶತ್ರು. ಕರಾವಳಿಯ ಮಳೆಗಾಲದಲ್ಲಿ ಏರ್ ಡ್ರೈಯರ್ ಒಂದು ವಾರ ಸರಿ ಓಡದಿದ್ದರೆ ಜರಡಿ ನೀರು ಕುಡಿದು ಕೂರುತ್ತದೆ, ಶುದ್ಧತೆ 93ರಿಂದ 80ರ ಕಡೆ ಜಾರುತ್ತದೆ. ಹರಿವು ಮಾತ್ರ ಮೊದಲಿನಷ್ಟೇ ಕಾಣುತ್ತದೆ, ಮೀಟರ್ ನೋಡುವವರಿಗೆ ಎಂತದೂ ಗೊತ್ತಾಗುವುದಿಲ್ಲ. ಆಮ್ಲಜನಕ ವಿಶ್ಲೇಷಕವನ್ನು ಪಾಳಿಗೊಮ್ಮೆ ಓದಿ ಬರೆಯಬೇಕು, 90ಕ್ಕಿಂತ ಕೆಳಗೆ ಹೋದರೆ ಟ್ಯಾಂಕ್ ಸಾಲಿಗೆ ಬದಲಿಸಬೇಕು. ಕಂಪ್ರೆಸರ್‌ನ ಗಾಳಿ ಸೇದುವ ಬಾಯಿ ಕಡಲ ಕಡೆಗೆ ಇದ್ದರೆ ಫಿಲ್ಟರ್ ಬೇಗ ಕಟ್ಟುತ್ತದೆ, ತುಕ್ಕೂ ಬೇಗ. ಕರೆಂಟ್ ಹೋದಾಗ ಜನರೇಟರ್ ಹೊರೆಯಲ್ಲಿ ಪಿಎಸ್‌ಎ ಸೇರಿದೆಯಾ ಅಂತ ಮೊದಲೇ ನೋಡಿ. ಲಿಫ್ಟು, ಎಸಿಗೆ ಲೈನ್ ಕೊಟ್ಟು ಇದನ್ನು ಬಿಟ್ಟಿರುವುದು ಹೊಸತಲ್ಲ.

ದ್ರವ ಟ್ಯಾಂಕಿನ ವೇಪರೈಸರ್ (ದ್ರವವನ್ನು ಅನಿಲ ಮಾಡುವ ಕೊಳವೆಗಳು) ಮೇಲೆ ನಮ್ಮ ಒದ್ದೆ ಗಾಳಿಗೆ ಮಂಜುಗಡ್ಡೆ ದಪ್ಪಗೆ ಕಟ್ಟುತ್ತದೆ. ಎರಡು ವೇಪರೈಸರ್ ಇಟ್ಟು ಸರದಿಯಲ್ಲಿ ಓಡಿಸಿ. ಒಂದೇ ಇದ್ದರೆ ಹೊರೆ ಏರಿದ ರಾತ್ರಿ ಒತ್ತಡ ಬೀಳುತ್ತದೆ, ಮೊದಲು ಅಲಾರಂ ಹೊಡೆಯುವುದು ಪೈಪಿನ ಕೊನೆಯ ವಾರ್ಡಿನ ಹೈಫ್ಲೋ.

#6 ಗಂಜಿತಿಳಿ

ಮಂಗಳೂರಿನ ಬಜಪೆ ಏರ್‌ಪೋರ್ಟಿನಲ್ಲಿ ಥರ್ಮಲ್ ಸ್ಕ್ಯಾನರ್ ಇಟ್ಟು, ಗಲ್ಫಿನಿಂದ ಬಂದವರನ್ನು ತಡೆದರೆ ಇಷ್ಟೆಲ್ಲ ಬೇಕಾ ಮಾರಾಯ್ರೆ?

#7 ಪಿ-ಫಾರ್ಮ್

ಫ್ಲೂ ಒಳಗೆ ಕೂತಿರುವುದು 1ರಿಂದ 4 ದಿನ, ಸರಾಸರಿ 2. ದುಬೈಯಿಂದ ಬಜಪೆಗೆ ನಾಲ್ಕು ಗಂಟೆಯೊಳಗಿನ ಹಾರಾಟ. ಸೋಂಕು ಹಿಡಿದೂ ಜ್ವರ ಬಾರದವರು, ಪ್ಯಾರಾಸಿಟಮಾಲ್ ನುಂಗಿ ಹತ್ತಿದವರು ಆರಾಮವಾಗಿ ಸ್ಕ್ಯಾನರ್ ದಾಟುತ್ತಾರೆ. 2009ರ ಎಚ್‌1ಎನ್‌1 ಫ್ಲೂ ಮಹಾಮಾರಿಯಲ್ಲಿ ಭಾರತದ ಮೊದಲ ಪ್ರಕರಣ ಮೇ ತಿಂಗಳಲ್ಲಿ ಹೈದರಾಬಾದ್‌ಗೆ ಇಳಿದ ಪ್ರಯಾಣಿಕರದ್ದು. ನಿಲ್ದಾಣಗಳಲ್ಲಿ ತಪಾಸಣೆ ನಡೆಯುತ್ತಲೇ ಇತ್ತು, ಆಗಸ್ಟಿನಲ್ಲಿ ಪುಣೆಯಲ್ಲಿ ಮೊದಲ ಸಾವು ಆಯಿತು. ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಅಂತರ ಮೂರು ದಿನದ ಹತ್ತಿರ. ಸಂಪರ್ಕ ಪಟ್ಟಿ ಟೈಪ್ ಆಗುವುದರೊಳಗೆ ಮುಂದಿನ ಸುತ್ತು ಶುರುವಾಗಿರುತ್ತದೆ.

ಹಾಗಂತ ವಿಮಾನ ನಿಲ್ದಾಣ, ಬಂದರು ಆರೋಗ್ಯ ಕಚೇರಿಗಳ ಕೆಲಸ ವ್ಯರ್ಥ ಅಲ್ಲ. ಮೊದಲ ಎರಡು ಮೂರು ವಾರ ಮಾದರಿ ಸಿಗುವುದು ಅಲ್ಲಿಂದಲೇ. ಹಡಗಿನ ಆರೋಗ್ಯ ಘೋಷಣೆ ನೋಡದೆ ಸಿಬ್ಬಂದಿ ಇಳಿಯುವ ಹಾಗೂ ಇಲ್ಲ. ನನ್ನ ತಕರಾರು ಇಷ್ಟೇ: ಸಂಪರ್ಕವೇ ಸಿಗದ ಸ್ಥಳೀಯ ಎಸ್‌ಎಆರ್‌ಐ ಪ್ರಕರಣ ಎರಡು ಬೇರೆ ತಾಲೂಕಿನಲ್ಲಿ ಕಂಡ ದಿನವೇ ಅಲ್ಲಿನ ಸಿಬ್ಬಂದಿಯನ್ನು ಆಸ್ಪತ್ರೆಯ ಜ್ವರ ವಿಭಾಗಕ್ಕೆ ಹಾಕಬೇಕು, ಮತ್ತು ಇದು ಮೊದಲೇ ಬರೆದಿಟ್ಟ ಆದೇಶ ಆಗಿರಬೇಕು. ಇಲ್ಲದಿದ್ದರೆ ಯಾರೂ ಸ್ಕ್ಯಾನರ್ ತೆಗೆಯುವ ಧೈರ್ಯ ಮಾಡುವುದಿಲ್ಲ. ಟಿವಿಯಲ್ಲಿ ಅದು ಚಂದ ಕಾಣುತ್ತದಲ್ಲ.

#8 ಎರಡರಿಂದ ಎಂಟು

ಲಸಿಕೆ: ಮಹಾಮಾರಿಯ ಲಸಿಕೆ ಮೊದಲ ಅಲೆಗೆ ಸಿಗುವುದಿಲ್ಲ ಅಂತಲೇ ಬರೆದುಕೊಳ್ಳಿ. ಮೊಟ್ಟೆಯಲ್ಲಿ ಬೆಳೆಸುವ ವಿಧಾನಕ್ಕೆ ತಳಿ ಗುರುತಿಸಿದ ಮೇಲೆ ಐದಾರು ತಿಂಗಳು ಬೇಕು. 2009ರ ಎಚ್‌1ಎನ್‌1ಗೆ ದೇಶೀಯ ಲಸಿಕೆ ಮಾರುಕಟ್ಟೆಗೆ ಬಂದದ್ದು 2010ರ ಜೂನ್, ವಿಶ್ವ ಆರೋಗ್ಯ ಸಂಸ್ಥೆ ಮಹಾಮಾರಿ ಮುಗಿಯಿತು ಅಂದದ್ದು 2010ರ ಆಗಸ್ಟ್ 10. ಮದುವೆ ಮುಗಿದ ಮೇಲೆ ವಾಲಗ.

ಪ್ರತಿವರ್ಷದ ಲಸಿಕೆಯಲ್ಲೂ ನಮ್ಮವರು ಒಂದು ತಪ್ಪು ಮಾಡುತ್ತಾರೆ: ಅಕ್ಟೋಬರ್‌ನಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಚುಚ್ಚುವುದು. ಮಳೆಗಾಲದ ಅಲೆ ಅಷ್ಟರಲ್ಲಿ ಹೋಗಿಯಾಗಿರುತ್ತದೆ. ದಕ್ಷಿಣ ಗೋಳಾರ್ಧದ ಸೂತ್ರದ ಲಸಿಕೆಯನ್ನು ಏಪ್ರಿಲ್–ಮೇಯಲ್ಲಿ ಕೊಡಬೇಕು, ರಕ್ಷಣೆ ಬರಲು ಎರಡು ವಾರ. ಸಂಗ್ರಹ 2–8 ಡಿಗ್ರಿ. ಫ್ರೀಜರ್ ಗೋಡೆಗೆ ತಾಗಿ ಹೆಪ್ಪುಗಟ್ಟಿದ್ದು ಕರಗಿ ನೋಡಲು ಚೆನ್ನಾಗಿ ಕಂಡರೂ ಬಿಸಾಡಬೇಕು.

ಔಷಧ: ಒಸೆಲ್ಟಾಮಿವಿರ್ ವಯಸ್ಕರಿಗೆ 75 ಮಿ.ಗ್ರಾಂ ದಿನಕ್ಕೆ ಎರಡು, ಐದು ದಿನ, ಹತ್ತು ಮಾತ್ರೆ. #1ರ 8.16 ಲಕ್ಷದಲ್ಲಿ ಹತ್ತರಲ್ಲೊಬ್ಬರಿಗೆ ಕೊಟ್ಟರೂ 8 ಲಕ್ಷ ಕ್ಯಾಪ್ಸೂಲ್. ಮೊದಲು ಮುಗಿಯುವುದು ಮಕ್ಕಳ ಸಿರಪ್, ಬರೆದಿಟ್ಟುಕೊಳ್ಳಿ. ಸಿರಪ್ ಇಲ್ಲದಾಗ ವೈದ್ಯರ ಸೂಚನೆ ಮೇಲೆ 75ರ ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು 5 ಮಿ.ಲೀ. ನೀರಲ್ಲಿ ಕದಡಿದರೆ ಒಂದು ಮಿ.ಲೀ.ಗೆ 15 ಮಿ.ಗ್ರಾಂ. ಒಂದು ವರ್ಷ ದಾಟಿದ, 15 ಕೆ.ಜಿ. ಒಳಗಿನ ಮಗುವಿಗೆ 2 ಮಿ.ಲೀ., 15–23 ಕೆ.ಜಿ.ಗೆ 3, 23–40ಕ್ಕೆ 4. ಇದೂ ದಿನಕ್ಕೆರಡು ಸಲ. ಶಿಶುಗಳ ಪ್ರಮಾಣ ಬೇರೆಯೇ, ಅದನ್ನು ಮಕ್ಕಳ ವೈದ್ಯರೇ ಹೇಳಬೇಕು. ಕಹಿ ಜಾಸ್ತಿ, ಬೆಲ್ಲದ ಪಾಕದಲ್ಲಿ ಬೆರೆಸಿ. ತಳದಲ್ಲಿ ಬಿಳಿ ಪುಡಿ ಕರಗದೆ ಉಳಿಯುತ್ತದೆ, ಅದು ಔಷಧ ಅಲ್ಲ. ಸೂಜಿ ಇಲ್ಲದ ಸಿರಿಂಜ್ ಜೊತೆಗೆ ಕೊಡಿ. ಚಮಚದಲ್ಲಿ ಅಂದಾಜು ಮಾಡಲು ಬಿಡಬೇಡಿ.

ಮೂತ್ರಪಿಂಡ ಸೋತವರಿಗೆ ಪ್ರಮಾಣ ಇಳಿಸಬೇಕು. ಇಲಿಜ್ವರದ ಕಾಲದಲ್ಲಿ ಅಂಥವರು ಕಡಿಮೆ ಇರುವುದಿಲ್ಲ.

ದಾಸ್ತಾನನ್ನು ಒಂದೇ ಉಗ್ರಾಣದಲ್ಲಿ ರಾಶಿ ಹಾಕಿ ಅವಧಿ ಮೀರಿಸುವ ಬದಲು, ದಿನನಿತ್ಯದ ಬಳಕೆಯೊಳಗೆ ಸುತ್ತಿಸಿ. ಬೇಗ ಅವಧಿ ಮುಗಿಯುವುದು ಮೊದಲು ಹೊರಗೆ. 2017ರಿಂದ ಒಸೆಲ್ಟಾಮಿವಿರ್ ಔಷಧ ನಿಯಮಗಳ ಎಚ್‌1 ಪಟ್ಟಿಯಲ್ಲಿರುವುದರಿಂದ ಮೆಡಿಕಲ್ ಶಾಪ್‌ಗಳೂ ಚೀಟಿ ನೋಡಿ, ರಿಜಿಸ್ಟರ್ ಇಟ್ಟು ಮಾರಬಹುದು. ಆ ರಿಜಿಸ್ಟರನ್ನು ವಾರಕ್ಕೊಮ್ಮೆ ನೋಡಿದರೆ #2ರವರಿಗೆ ಖರ್ಚಿಲ್ಲದ ಕಣ್ಗಾವಲು.

#9 ರಾತ್ರಿಪಾಳಿ

ಯಾರಿಗೆ ಟೆಸ್ಟ್, ಯಾರಿಗೆ ಮಾತ್ರೆ ಅನ್ನುವುದಕ್ಕೆ ಕೇಂದ್ರದ ಎ-ಬಿ-ಸಿ ವಿಂಗಡಣೆ ಸಾಕು. ಎ: ಸಣ್ಣ ಜ್ವರ, ಕೆಮ್ಮು, ಗಂಟಲು ನೋವು. ಟೆಸ್ಟ್ ಬೇಡ, ಮಾತ್ರೆ ಬೇಡ, ಮನೆ, ಒಂದೆರಡು ದಿನದಲ್ಲಿ ಮತ್ತೆ ನೋಡುವುದು. ಬಿ: ಜೋರು ಜ್ವರ ಅಥವಾ ಗರ್ಭಿಣಿ, 65 ದಾಟಿದವರು, ಚಿಕ್ಕ ಮಕ್ಕಳು, ಶ್ವಾಸಕೋಶ, ಹೃದಯ, ಮಧುಮೇಹದ ಕಾಯಿಲೆಯವರು. ಮನೆಯಲ್ಲೇ, ಅಪಾಯ ಹೆಚ್ಚಿರುವವರಿಗೆ ಒಸೆಲ್ಟಾಮಿವಿರ್. ಸಿ: ಏದುಸಿರು, ಎದೆನೋವು, ಮಂಪರು, ಬಿಪಿ ಕುಸಿತ, ಕಫದಲ್ಲಿ ರಕ್ತ, ಉಗುರು ನೀಲಿ. ದಾಖಲು, ಟೆಸ್ಟ್, ವರದಿಗೆ ಕಾಯದೆ ಔಷಧ.

ಕರಾವಳಿಗೆ ಒಂದು ಸೇರ್ಪಡೆ ಬೇಕು. ಕಣ್ಣು ಕೆಂಪು, ಮೀನಖಂಡ ನೋವು, ಗದ್ದೆ-ತೋಟದ ಕೆಲಸ ಇದ್ದವರ ಉಸಿರಾಟದ ತೊಂದರೆ ಇಲಿಜ್ವರದ್ದೂ ಇರಬಹುದು. ಫ್ಲೂ ವಾರ್ಡಿಗೆ ತಳ್ಳಿ ಪ್ರತಿಜೀವಕ ತಡ ಮಾಡಿದರೆ ಉಳಿಯಬೇಕಾದ ಜೀವ ಹೋಗುತ್ತದೆ. ಡೆಂಗಿ ಇರಬಹುದಾದ್ದರಿಂದ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಮಲೇರಿಯಾ ಸ್ಲೈಡ್ ಎಲ್ಲರಿಗೂ.

#10 ಲ್ಯಾಬ್ ಬೆಂಚು

ಸ್ವಾಬ್ ಪಾಲಿಯೆಸ್ಟರ್ ಅಥವಾ ಡಾಕ್ರಾನ್, ಪ್ಲಾಸ್ಟಿಕ್ ಕಡ್ಡಿ. ಮರದ ಕಡ್ಡಿಯ ಹತ್ತಿ ಸ್ವಾಬ್ ಪಿಸಿಆರ್ ಕೆಡಿಸುತ್ತದೆ. ಮೂಗಿನದ್ದು, ಗಂಟಲಿನದ್ದು ಎರಡನ್ನೂ ಒಂದೇ ವಿಟಿಎಂ (ವೈರಸ್ ಸಾಗಿಸುವ ದ್ರಾವಣ) ಬಾಟಲಿಗೆ. 2–8 ಡಿಗ್ರಿಯಲ್ಲಿ 48 ಗಂಟೆಯೊಳಗೆ ವೆನ್‌ಲಾಕ್‌ನ ವೈರಾಣು ಪ್ರಯೋಗಾಲಯಕ್ಕೋ ಮಣಿಪಾಲಕ್ಕೋ ಮುಟ್ಟಬೇಕು. ತಡ ಆಗುವುದಾದರೆ ಮೈನಸ್ 70. ಮಾಮೂಲಿ ಫ್ರಿಜ್ಜಿನ ಮೈನಸ್ 20ರಲ್ಲಿ ಇಟ್ಟು ತೆಗೆದು ಮಾಡಬೇಡಿ, ವೈರಸ್ ಹಾಳಾಗುತ್ತದೆ.

ಮುಖ್ಯ ವಿಷಯ: ಇನ್‌ಫ್ಲುಯೆಂಜಾ ಎ ಗಟ್ಟಿ ಪಾಸಿಟಿವ್, ಸಿಟಿ ಮೌಲ್ಯ (ಕಡಿಮೆ ಇದ್ದಷ್ಟು ವೈರಸ್ ಜಾಸ್ತಿ) 30ಕ್ಕಿಂತ ಕೆಳಗೆ, ಆದರೆ ಎಚ್‌1 ಇಲ್ಲ, ಎಚ್‌3 ಇಲ್ಲ, ಅಂದರೆ ಮನುಷ್ಯರಲ್ಲಿ ಓಡಾಡುವ ಮಾಮೂಲಿ ಉಪಬಗೆ ಎರಡೂ ಅಲ್ಲ. ಇದನ್ನು "ಮತ್ತೊಮ್ಮೆ ಮಾಡುವ" ಅಂತ ಶುಕ್ರವಾರ ಸಂಜೆ ಪಕ್ಕಕ್ಕಿಡಬಾರದು. ಅದೇ ದಿನ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಫೋನ್, ಮಾದರಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ (ಎನ್‌ಐವಿ). ಹೊಸ ಉಪಬಗೆಯ ಒಂದೇ ಒಂದು ಮಾನವ ಪ್ರಕರಣವೂ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ದೇಶ 24 ಗಂಟೆಯೊಳಗೆ ತಿಳಿಸಬೇಕಾದ್ದು. ಕೋಳಿ ಸಾಕುವವರಿಗೆ ಕಣ್ಣು ಕೆಂಪಾಗಿದ್ದರೆ ಕಣ್ಣಿನ ಸ್ವಾಬೂ ತೆಗೆಯಿರಿ. ಅಮೆರಿಕದಲ್ಲಿ 2024ರಿಂದ ಹೈನು ಹಟ್ಟಿಯ ಎಚ್‌5ಎನ್‌1 ಸೋಂಕಿತರಲ್ಲಿ ಬಹಳಷ್ಟು ಮಂದಿಗೆ ಇದ್ದದ್ದು ಅದೇ ಲಕ್ಷಣ.

#11 ಊರಕೋಳಿ

ಹಕ್ಕಿಜ್ವರದ ಬಗ್ಗೆ. ದೃಢಪಟ್ಟ ಜಾಗದ ಸುತ್ತ 1 ಕಿ.ಮೀ. ಸೋಂಕಿತ ವಲಯ, 10 ಕಿ.ಮೀ. ತನಕ ಕಣ್ಗಾವಲು ವಲಯ. ಖಾತ್ರಿ ಪರೀಕ್ಷೆ ಭೋಪಾಲದ ಪ್ರಾಣಿರೋಗ ಪ್ರಯೋಗಾಲಯದಲ್ಲಿ. ಕೊಲ್ಲುವ ತಂಡದವರಿಗೆ ಪಿಪಿಇ, ನಿತ್ಯ ಒಂದು ಒಸೆಲ್ಟಾಮಿವಿರ್, ಕೊನೆಯ ಸಂಪರ್ಕದ ನಂತರ ಹತ್ತು ದಿನ ನಿಗಾ.

ಕಾಗದದಲ್ಲಿ ಇಲ್ಲದ್ದು ಕೋಳಿ ಅಂಕದ (ಕೋಳಿ ಜಗಳದ ಪಂದ್ಯ) ಹುಂಜ. ಮಾಂಸದ ಕೋಳಿಗೆ ಕಟ್ಟಿದ ಪರಿಹಾರದ ದರ ನೋಡಿದ ಮಾಲೀಕ ತನ್ನ ಅಂಕದ ಹುಂಜವನ್ನು ರಾತ್ರಿಯೇ ಬುಟ್ಟಿಯಲ್ಲಿ ಹಾಕಿ ನೆಂಟರ ಮನೆಗೆ ಸಾಗಿಸುತ್ತಾನೆ. ವಲಯದ ಗೆರೆ ದಾಟಿ ಸೋಂಕು ಹೋಗುವುದು ಹೀಗೆ. ಅಂಕ ಕಾನೂನುಬಾಹಿರ ಆದ್ದರಿಂದ ಯಾರೂ ಒಪ್ಪಿಕೊಳ್ಳುವುದೂ ಇಲ್ಲ. ಪಶು ವೈದ್ಯರ ತಂಡದೊಟ್ಟಿಗೆ ಪೊಲೀಸರನ್ನು ಕರೆದುಕೊಂಡು ಹೋದರೆ ಹುಂಜಗಳೆಲ್ಲ ಮಾಯ. ಪಂಚಾಯತ್ ಸದಸ್ಯರು, ಆಶಾ ಕಾರ್ಯಕರ್ತೆ ಜೊತೆಗೆ ಹೋಗಲಿ, ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡಲಿ, ಹುಂಜ ಯಾಕೆ ಇಟ್ಟಿದ್ದು ಅಂತ ಕೇಳುವುದೇ ಬೇಡ.

#12 ಮುರಕಲ್ಲು

ಸತ್ತ ಕೋಳಿ ಹೂಳುವ ಗುಂಡಿ ಎಲ್ಲಿ ತೋಡುತ್ತೀರಿ? ನಮ್ಮಲ್ಲಿ ಮನೆಗೊಂದು ಬಾವಿ, ಮುರಕಲ್ಲು (ಜಂಬಿಟ್ಟಿಗೆ) ತೂತು ತೂತು, ಜುಲೈಯಲ್ಲಿ ನಾಲ್ಕಡಿ ತೋಡಿದರೆ ನೀರು. ಬಯಲುಸೀಮೆಯ ಸೂಚನೆ ಇಲ್ಲಿಗೆ ಆಗುವುದಿಲ್ಲ. ಪ್ರತಿ ತಾಲೂಕಿಗೆ ಎತ್ತರದ, ಬಾವಿ ಇಲ್ಲದ ಸರಕಾರಿ ಜಾಗ ಬೇಸಿಗೆಯಲ್ಲೇ ಗುರುತು ಮಾಡಿಡಬೇಕು, ಇಲ್ಲದಲ್ಲಿ ಸುಡುವ ವ್ಯವಸ್ಥೆ.

ವಾರ್ಡಿನ ಗಾಳಿಯೂ ಇದೇ ಕಥೆ. ಸಾಮಾನ್ಯ ವಾರ್ಡಿಗೆ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್ ಹೊರಗಾಳಿ ಬೇಕು. ಇರಿಚಲು ಹೊಡೆಯುತ್ತದೆ ಅಂತ ಪಡುವಣ ಕಿಟಕಿ ಎಲ್ಲ ಮುಚ್ಚುತ್ತಾರೆ, ಗಾಳಿ ನಿಂತೇ ಹೋಗುತ್ತದೆ. ಹಳೇ ಹೆಂಚಿನ ಕಟ್ಟಡದಲ್ಲಿ ಮೇಲಿನ ಗವಾಕ್ಷಿಯಾದರೂ ಇರುತ್ತದೆ, ಹೊಸ ಆರ್‌ಸಿಸಿಯಲ್ಲಿ ಅದೂ ಇಲ್ಲ. ಪಡುವಣಕ್ಕೆ ಅಗಲದ ಮಾಡು ಇಳಿಸಿ, ಮೂಡಣದ ಕಿಟಕಿಯಲ್ಲಿ ಗಾಳಿ ಹೊರಹಾಕುವ ಫ್ಯಾನ್ ಕೂರಿಸಿ. ಗೋಡೆಗೊಂದು ಸಿಒ2 ಮೀಟರ್ ಸಾಕು: 1,000 ದಾಟಿದರೆ ಯಾರಾದರೂ ಕಿಟಕಿ ತೆರೆಯಲಿ.

#13 ಗಂಜಿತಿಳಿ

ಸರಿ, ಸ್ಕ್ಯಾನರ್ ಬಿಟ್ಟೆ. ಶಾಲೆ?

#14 ಹೊಳೆಬದಿ

ಶಾಲೆ ವಿಷಯದಲ್ಲಿ ನಾವು ಬೇರೆ ಜಿಲ್ಲೆಗಿಂತ ಮುಂದೆ. ಮಳೆ ರಜೆ ಕೊಟ್ಟು ಅಭ್ಯಾಸ ಉಂಟಲ್ಲ. ಜಿಲ್ಲಾಧಿಕಾರಿ ಆದೇಶ ರಾತ್ರಿ ಬಂದು ಬೆಳಿಗ್ಗೆ ಅಂಗನವಾಡಿ ತನಕ ಮುಟ್ಟುತ್ತದೆ. ಅದೇ ದಾರಿ ಸಾಕು, ಹೊಸ ಸಮಿತಿ ಬೇಡ. ಆದರೆ ಮಳೆ ರಜೆ ಒಂದೆರಡು ದಿನದ್ದು, ಫ್ಲೂ ರಜೆಗೆ ಅರ್ಥ ಬರಬೇಕಾದರೆ ಕನಿಷ್ಠ ಎರಡು ವಾರ, ಅದೂ ಅಲೆ ಏರುವ ಮೊದಲ ಹಂತದಲ್ಲಿ. ತುದಿ ದಾಟಿದ ಮೇಲೆ ಮುಚ್ಚಿದರೆ ತಾಯಿ ನರ್ಸ್ ಆಗಿರುವ ಮನೆಯಲ್ಲಿ ತಾಯಿಯೂ ರಜೆ ಹಾಕುತ್ತಾಳೆ, ವಾರ್ಡಿಗೆ ಆಗುವ ನಷ್ಟವೇ ಜಾಸ್ತಿ. ಆಸ್ಪತ್ರೆ ಸಿಬ್ಬಂದಿಯ ಮಕ್ಕಳಿಗೆ ಸಣ್ಣ ಗುಂಪಿನ ವ್ಯವಸ್ಥೆ, ಬಿಸಿಯೂಟದ ಬದಲು ಅಕ್ಕಿ-ಬೇಳೆ ಮನೆಗೆ. ಇವೆರಡೂ ರಜೆಯ ಆದೇಶದಲ್ಲೇ ಇರಲಿ.

#15 ಪಿ-ಫಾರ್ಮ್

ಶಾಲೆ ಹಾಜರಿ ನೋಡಿ ಅಲೆ ಹಿಡಿಯುವ ಅಂತ ಮುಂದೆ ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ: ಮಳೆ ರಜೆಯ ಮರುದಿನದ ಗೈರುಹಾಜರಿ ಲೆಕ್ಕಕ್ಕಿಲ್ಲ, ಸಂಕ (ಕಾಲುಸೇತುವೆ) ಮುಳುಗಿದ ಊರಿನ ಮಕ್ಕಳು ಹೇಗೂ ಬರುವುದಿಲ್ಲ. ರಜೆಯ ನಂತರದ ಎರಡು ದಿನ ಬಿಟ್ಟು, ಪೇಟೆ ಶಾಲೆಗಳದ್ದು ಮತ್ತು ಹೊಳೆ ಆಚೆ ಶಾಲೆಗಳದ್ದು ಬೇರೆ ಬೇರೆ ಇಡಿ.

ಇನ್ನೊಂದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮಲ್ಪೆ, ಮಂಗಳೂರು ದಕ್ಕೆಯ (ಮೀನು ಇಳಿಸುವ ಬಂದರು) ಹೊರರಾಜ್ಯದ ಕಾರ್ಮಿಕರು ಊರಿಗೆ ಹೋಗಿ ಆಗಸ್ಟಿಗೆ ಒಟ್ಟಿಗೆ ಮರಳುತ್ತಾರೆ, ಒಂದು ಬೋಟಿನ ಸಣ್ಣ ಕ್ಯಾಬಿನ್‌ನಲ್ಲಿ ಹತ್ತಾರು ದಿನ ಇರುತ್ತಾರೆ. ಆಗಸ್ಟ್ ಮೊದಲ ವಾರದಿಂದ ದಕ್ಕೆಯಲ್ಲೇ ಒಂದು ಜ್ವರ ಕ್ಲಿನಿಕ್ ಬೇಕು, ಬೆಳಿಗ್ಗೆ ಮೀನು ಇಳಿಸಿ ಮುಗಿಯುವ ಹೊತ್ತಿಗೆ ತೆರೆದಿರಬೇಕು. ಹತ್ತು ಗಂಟೆಗೆ ಬಾಗಿಲು ತೆಗೆದರೆ ಅಲ್ಲಿ ಇರುವುದು ಬೆಕ್ಕು, ಕಾಗೆ ಮಾತ್ರ.